ಕೊಳವೆಯೊಳಗಿನ ಮಸಿ

ಚಾಮರಾಜಪೇಟೆಯಲ್ಲಿ ಗ್ಯಾರೇಜು ನಡೆಸುವ ವಿಶಾಖಾಗೆ ಒಂದು ವಿಚಿತ್ರ ಚಪಲ. ಡೀಸೆಲ್ ಕಾರಿನ ಎಂಜಿನ್ನಿಗೆ ಗಾಳಿ ಹೋಗುವ ಕೊಳವೆ ಬಿಚ್ಚಿದರೆ ಸಾಕು, ಉಜ್ಜುವ ಮೊದಲು ಒಳಗಿನ ಮಸಿ ನೋಡಿ ಗಾಡಿಯವರು ಎಂಥವರೆಂದು ಊಹಿಸಬೇಕು. ತೆಳುವಾಗಿದ್ದರೆ ಊರೂರು ಸುತ್ತುವವರು. ದಪ್ಪಗೆ ಕಟ್ಟಿದ್ದರೆ ಮನೆ, ಮಾರ್ಕೆಟ್ಟು ಬಿಟ್ಟು ಎಲ್ಲಿಗೂ ಹೋಗದವರು. ಆಮೇಲೆ ಅವರನ್ನೇ ಕೇಳಿ ಖಾತ್ರಿ ಮಾಡಿಕೊಳ್ಳದಿದ್ದರೆ ಅವಳಿಗೆ ಸಮಾಧಾನವಿಲ್ಲ.

ಮೊನ್ನೆ ಅವಳದೇ ಕಾರು ಏರು ಹತ್ತಲಾರದೆ ಏದುಸಿರು ಬಿಟ್ಟಿತು. ಬಿಚ್ಚಿ ನೋಡಿದರೆ ಕೊಳವೆಯಲ್ಲಿ ಕಿರುಬೆರಳು ತೂರುವಷ್ಟೇ ಜಾಗ.

"ಹೇಳಮ್ಮಾ, ಈ ಗಾಡಿಯೋರು ಎಂಥೋರು?" ಎಂದು ಹಿರಿಯ ಮೆಕ್ಯಾನಿಕ್ ಆಂಜಿನಯ್ಯ ನಕ್ಕರು.

ಅವಳ ಓಡಾಟವೆಂದರೆ ತ್ಯಾಗರಾಜನಗರದ ಮನೆ, ಈ ಗ್ಯಾರೇಜು. ಅಷ್ಟೇ. ವಿಶಾಖಾ ಮಸಿ ಉಜ್ಜಿ, ಕೊಳವೆ ಜೋಡಿಸಿ, ಕಾರು ಹತ್ತಿದಳು.

"ಸಂಜೆ ಶಟರ್ ನೀವೇ ಎಳೀರಿ. ಮೈಸೂರು ರೋಡು ಎಲ್ಲಿಗೆ ಹೋಗುತ್ತೆ ಅಂತ ನೋಡ್ಕೊಂಡು ಬರ್ತೀನಿ."