ಯಾರ ಕಿವಿಗೂ ಕೇಳದ ಹಾಜರಿ

ಹುಮನಾಬಾದಿನ ಶಾಲೆಯಲ್ಲಿ ನಮಗೆ ಕಲಿಸುತ್ತಿದ್ದ ಅಕ್ಕೋರು ಹಾಜರಿ ಹಾಕುವಾಗ ತಲೆಯನ್ನೇ ಎತ್ತುತ್ತಿರಲಿಲ್ಲ. ನಂಬರ್ ಕೂಗುವುದು, ‘ಹಾಜರ್ರೀ’ ಎಂಬ ದನಿ ಕೇಳುವುದು, ಗೀಟು ಎಳೆಯುವುದು. ಒಮ್ಮೆ ಗೆಳತಿಯ ನಂಬರಿಗೆ ನಾನೇ ದನಿ ಬದಲಿಸಿ ಉತ್ತರ ಕೊಟ್ಟೆ.

‘ನಿನ್ನ ದನಿ ನನಗ ಗೊತ್ತಿಲ್ಲೇನು? ಆಕಿ ಎಲ್ಲಿ ಹೋಗ್ಯಾಳ?’ ಎಂದು ಕಿವಿ ಹಿಂಡಿದರು. ಜ್ವರ ಅಂದೆ. ಸಂಜೆ ಅವಳ ಮನೆಗೇ ಹೋಗಿ ನೋಡಿಕೊಂಡು ಬಂದರು. ಆ ಬೈಗುಳ ಈಗಲೂ ಬೇಕೆನಿಸುತ್ತದೆ.

ಈಗ ಬಸವಕಲ್ಯಾಣದ ಕಾಲೇಜೊಂದರಲ್ಲಿ ನಾನೇ ಪಾಠ ಮಾಡುತ್ತೇನೆ. ಹೋದ ವರ್ಷ ಹಾಜರಿಗೆಂದು ಹೊಸ ಆ್ಯಪ್ ಬಂತು. ಮೇಜಿನ ಮೇಲಿಟ್ಟ ನನ್ನ ಮೊಬೈಲು ಮನುಷ್ಯರ ಕಿವಿಗೆ ಕೇಳದ ದನಿಯೊಂದನ್ನು ಹೊರಡಿಸುತ್ತದೆ. ಮಕ್ಕಳ ಮೊಬೈಲುಗಳು ಅದನ್ನು ಕೇಳಿಸಿಕೊಂಡು ತಾವೇ ಹಾಜರಿ ಹಾಕಿಕೊಳ್ಳುತ್ತವೆ. ಇಡೀ ತರಗತಿಯ ಹಾಜರಿ ಚಿಟಿಕೆ ಹೊಡೆಯುವುದರೊಳಗೆ ಮುಗಿಯುತ್ತಿತ್ತು. ಗಂಟಲು ಉಳಿಯಿತೆಂದು ಖುಷಿಪಟ್ಟೆ, ಸುಳ್ಳೇಕೆ ಹೇಳಲಿ.

ಹಾಜರಿ ಸಾಲದೆ ಪರೀಕ್ಷೆಗೆ ಕೂರಲಾಗದವರ ಪಟ್ಟಿ ಬಂದಾಗ ಅದರಲ್ಲಿ ಹಳ್ಳಿಖೇಡದಿಂದ ಬರುವ ಹುಡುಗಿಯ ಹೆಸರಿತ್ತು. ದಿನವೂ ಮೊದಲ ಬೆಂಚಿನಲ್ಲಿ ಕೂರುವವಳು. ಪರೀಕ್ಷೆ ತಪ್ಪಿದರೆ ಅವಳ ಒಂದು ವರ್ಷವೇ ಹೋಗುತ್ತಿತ್ತು. ಕರೆಸಿ, ಕ್ಲಾಸಿನಲ್ಲಿ ಮೊಬೈಲು ಎಲ್ಲಿಡುತ್ತೀಯೆಂದು ಕೇಳಿದೆ.

ಅವಳು ಚೀಲದಿಂದ ರೊಟ್ಟಿಯ ಬುತ್ತಿ ತೆಗೆದಳು. ಅದರಡಿಯಿಂದ ಕೌದಿಯ ಹಾಗೆ ಹಳೆಯ ಸೀರೆ ಪದರುಪದರಾಗಿ ಹೊಲಿದ ಪುಟ್ಟ ಸಂಚಿ. ಮೊಬೈಲು ಅದರೊಳಗಿತ್ತು.

‘ಆ್ಯಪ್ ಚಾಲೂ ಮಾಡಿ ಮತ್ತ ಇದರಾಗ ಇಡ್ತೇನ್ರಿ. ಮನ್ಯಾಗ ಇರೋದು ಇದೊಂದೇ. ಬಿದ್ದು ಒಡೀಬಾರದಂತ ಅವ್ವ ಹೊಲ್ದು ಕೊಟ್ಟಾಳ್ರಿ.’

ಅಷ್ಟು ದಪ್ಪ ಬಟ್ಟೆ, ಬುತ್ತಿ ದಾಟಿ ಆ ದನಿ ಒಳಗೆ ಹೋಗಿರಲೇ ಇಲ್ಲ.

‘ಹಾಜರಿ ಬಿದ್ದದೋ ಇಲ್ಲೋ ಒಮ್ಮೆನೂ ನೋಡ್ಲಿಲ್ಲೇನ, ಹುಚ್ಚಿ?’ ನಾನು ಗದರಿದೆ.

‘ನೀವು ದಿನಾ ನನಗ ಪ್ರಶ್ನೆ ಕೇಳ್ತಿದ್ರಲ್ರಿ ಮೇಡಂ. ನಾ ಬಂದೀನಂತ ನಿಮಗ ಗೊತ್ತದ ಅನ್ಕೊಂಡಿದ್ದೆ.’

ಅಕ್ಕೋರು ಇದ್ದಿದ್ದರೆ ಹಿಂಡುತ್ತಿದ್ದುದು ನನ್ನ ಕಿವಿಯನ್ನೇ. ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ಪ್ರಾಂಶುಪಾಲರ ಹತ್ತಿರ ಜಗಳವಾಡಿ, ಇವಳು ಒಂದು ದಿನವೂ ತಪ್ಪಿಸಿಲ್ಲವೆಂದು ಬರೆದುಕೊಟ್ಟು, ಅವಳಿಗೆ ಪರೀಕ್ಷೆಗೆ ಕೂರಲು ಒಪ್ಪಿಗೆ ಕೊಡಿಸಿದೆ.

ಮರುದಿನದಿಂದ ಆ್ಯಪಿನ ಜೊತೆಗೆ ಹಳೆಯ ಹಾಜರಿ ಪುಸ್ತಕವನ್ನೂ ತೆರೆದೆ. ಅವಳ ನಂಬರ್ ಕೂಗಿದೆ. ಮೊದಲ ಬೆಂಚಿನಿಂದ ‘ಹಾಜರ್ರೀ’ ಎಂದು ಕೇಳಿತು. ತಲೆ ಎತ್ತದೆಯೇ ಗೀಟು ಎಳೆದೆ. ದನಿಯಲ್ಲೇ ತಿಳಿಯಿತು, ಅವಳಿಗೆ ನೆಗಡಿಯಾಗಿತ್ತು.