ಚಾಂದಸಾಬನ ಕೊನೆಯ ಮರಿಗಳು

ಬ್ಯಾಡಗಿಯ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಮಶೀನು ನೋಡಿಕೊಳ್ಳುತ್ತಿದ್ದ ಚಾಂದಸಾಬ ಮಣ್ಣಾದ ಸಂಜೆಯೇ ಅವನ ಮನೆಯಲ್ಲಿ ಮರಿಗಳು ಹುಟ್ಟಿದವು. ಹೀಗೆಂದರೆ ಕೇಳಿದವರು ಬೆಚ್ಚುತ್ತಾರೆ. ಬೆಚ್ಚಲಿ, ಆದದ್ದು ಹಾಗೆಯೇ. ಹುಟ್ಟಿದ್ದು ಮೀನಿನ ಮರಿಗಳು. ಅಂಗಡಿಯವರು ಬೆಟ್ಟಾ ಎನ್ನುವ, ಊರ ಜನ ಫೈಟರ್ ಎನ್ನುವ, ಗಂಡಿಗೆ ಗಂಡು ಕಂಡರೆ ಕಚ್ಚಾಡಿ ಸಾಯುವ ಜಾತಿಯ ಮೀನು ಅದು.

ಚಾಂದಸಾಬನಿಗೂ ಅವನ ಹೆಂಡತಿ ಕುಲ್ಸುಮಬಿಗೂ ಮಕ್ಕಳಿರಲಿಲ್ಲ. ದರ್ಗಾ, ದವಾಖಾನೆ ಎಲ್ಲ ಸುತ್ತಿ ದಣಿದ ಮೇಲೆ ಅವನೊಮ್ಮೆ ರಾಣೆಬೆನ್ನೂರಿನಿಂದ ಒಂದು ಗಾಜಿನ ಅಕ್ವೇರಿಯಂ ತಂದು ಪಡಸಾಲೆಯಲ್ಲಿಟ್ಟ. ಕುಲ್ಸುಮಬಿ ಹರೆಯವನ್ನೆಲ್ಲ ಅಡತಿ ಅಂಗಡಿಗಳ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕಳೆದವಳು, ಮಾತಿಗೂ ಆ ಖಾರವೇ ಹತ್ತಿತ್ತು. ತಿನ್ನಲು ಬಾರದ ಮೀನಿಗೆ ಸೇವೆ ಮಾಡುವ ಗಂಡಸನ್ನು ಇಡೀ ಹಾವೇರಿ ಜಿಲ್ಲೆಯಲ್ಲಿ ತಾನು ಕಾಣೆ ಎಂದು ಓಣಿಯವರ ಮುಂದೆಲ್ಲ ಆಡಿಕೊಂಡು ನಗುತ್ತಿದ್ದಳು. ಅವನೂ ನಗುತ್ತಿದ್ದ.

ಅವನ ಕೊನೆಯ ದಿನ ಗಂಡು ಮೀನು ನೀರಿನ ಮೇಲೆ ನೊರೆಯ ಗೂಡು ಕಟ್ಟಿತ್ತು. ಚಾಂದಸಾಬ ಹೆಣ್ಣನ್ನು ಅದರ ಜೊತೆ ಬಿಟ್ಟ. ಮಧ್ಯಾಹ್ನದ ಹೊತ್ತಿಗೆ ರವೆಯಂಥ ತತ್ತಿಗಳು ಉದುರಿದವು, ಗಂಡು ಒಂದೊಂದನ್ನೂ ಬಾಯಲ್ಲಿ ಹಿಡಿದು ನೊರೆಯೊಳಗೆ ಉಗುಳಿತು. ಕೆಲಸ ಮುಗಿದ ಹೆಣ್ಣನ್ನು ತೆಗೆದು ಬಾಟಲಿಗೆ ಹಾಕಿ, ಚಾಂದಸಾಬ ಹೆಂಡತಿಯನ್ನು ನೋಡ ಬಾ ಎಂದು ಕರೆದ. ಅವಳು ರೊಟ್ಟಿ ಬಡಿಯುತ್ತಿದ್ದಳು, ನಾಳೆ ನೋಡಿದರಾಯಿತು ಎಂದಳು. ಮರುದಿನ ಬೆಳಿಗ್ಗೆ ಅವನು ಏಳಲಿಲ್ಲ.

ಸಾವಿನ ಗಡಿಬಿಡಿಯಲ್ಲಿ ಯಾರೋ ಆ ಬಾಟಲಿಯನ್ನು ಬಚ್ಚಲಿಗೆ ಸುರಿದುಬಿಟ್ಟರು. ಗಾಜಿನ ಪೆಟ್ಟಿಗೆಯ ಕಡೆ ಯಾರೂ ತಿರುಗಿ ನೋಡಲಿಲ್ಲ. ಜನ ಚೆದುರಿದ ಮೇಲೆ ಸಂಜೆ ಕುಲ್ಸುಮಬಿ ಗೋಡೆಗೆ ಒರಗಿ ಕೂತಿದ್ದಾಗ ಮನೆಯಲ್ಲೆಲ್ಲೋ ಚಿಟ್, ಚಿಟ್ ಎಂದು ಸಣ್ಣ ಸದ್ದು ಕೇಳಿತು. ನೊರೆಯ ಗುಳ್ಳೆ ಒಡೆಯುವ ಸದ್ದದು. ಹತ್ತಿರ ಹೋಗಿ ನೋಡಿದರೆ ನೊರೆಯಿಂದ ಕೆಳಕ್ಕೆ ಕೂದಲೆಳೆಯಂಥವು ನೆಟ್ಟಗೆ ಜೋತುಬಿದ್ದಿದ್ದವು, ಒಂದೊಂದಕ್ಕೂ ಎರಡೆರಡು ಕಪ್ಪು ಚುಕ್ಕಿ. ಆ ಚುಕ್ಕಿಗಳು ಕಣ್ಣೆಂದು ತಿಳಿಯಲು ಅವಳಿಗೆ ತುಸು ಹೊತ್ತು ಹಿಡಿಯಿತು. ಒಂದು ಎಳೆ ಕಳಚಿ ಕೆಳಗೆ ಬಿತ್ತು, ಗಂಡು ಮೀನು ಬಾಣದಂತೆ ಬಂದು ಅದನ್ನು ಬಾಯೊಳಗೆ ಎಳೆದುಕೊಂಡಿತು. ಬಾಯಿ ಮುಚ್ಚಿಕೊಂಡು ಅವಳನ್ನೇ ನೋಡುತ್ತ ನಿಂತಿತು. ನುಂಗಿತೋ ಉಳಿಸಿತೋ ಹೇಳುವಂತಿರಲಿಲ್ಲ. ಆಮೇಲೆ ಮೇಲೆ ಹೋಗಿ ನೊರೆಗೆ ಉಗುಳಿತು. ಕುಲ್ಸುಮಬಿ ಆಗ ಬಿಕ್ಕಿ ಬಿಕ್ಕಿ ಅತ್ತಳು. ಹೆಣ ಎತ್ತುವಾಗಲೂ ಅವಳು ಅಷ್ಟು ಅತ್ತಿರಲಿಲ್ಲ.

ಗಂಡನ ಕೈ ಕೊನೆಯದಾಗಿ ಮಾಡಿಟ್ಟು ಹೋದ ಕೆಲಸ ಇದು. ಇವು ಬದುಕಬೇಕು. ಅವಳ ಮನಸ್ಸಿನಲ್ಲಿ ಅಂದಿನಿಂದ ಬೇರೆ ಮಾತೇ ಉಳಿಯಲಿಲ್ಲ.

ನಾಲ್ಕು ತಿಂಗಳು ಹತ್ತು ದಿನದ ಇದ್ದತ್ತು ಮುಗಿಯುವ ತನಕ ವಿಧವೆ ಹೊಸ್ತಿಲು ದಾಟುವಂತಿಲ್ಲ, ಅದೂ ಒಂದು ಅನುಕೂಲವೇ ಆಯಿತು. ರಾಣೆಬೆನ್ನೂರಿನಲ್ಲಿ ಮೀನಿನ ಅಂಗಡಿ ಇಟ್ಟಿದ್ದ ಪ್ರವೀಣಕುಮಾರನಿಗೆ ಫೋನು ಮಾಡಿದಳು. ಚಾಂದಸಾಬನ ಸುದ್ದಿ ಕೇಳಿ ಅವನು ಮರುಗಿದ, ಆಮೇಲೆ ಒಂದೊಂದಾಗಿ ಹೇಳಿಕೊಟ್ಟ. ಮರಿ ಅಡ್ಡಡ್ಡ ಈಜತೊಡಗಿದ ಕೂಡಲೇ ಅಪ್ಪನನ್ನು ಬೇರೆ ಮಾಡಬೇಕು, ಇಲ್ಲದಿದ್ದರೆ ಉಳಿಸಿದ ಬಾಯೇ ತಿಂದುಹಾಕುತ್ತದೆ. ಕೋಸಿನ ಎಲೆ ಕೊಳೆಸಿದ ನೀರನ್ನು ಹನಿ ಹನಿ ಹಾಕಬೇಕು, ಕಣ್ಣಿಗೆ ಕಾಣದ ಹುಳ ಅದರಲ್ಲಿರುತ್ತವೆ, ಮರಿಗೆ ಅವೇ ಹಾಲು. ಈ ಜಾತಿಯ ಮರಿಗಳು ಕೆಲವು ವಾರ ನೀರಲ್ಲೇ ಉಸಿರಾಡಿ, ಆಮೇಲೆ ನಮ್ಮ ಹಾಗೆ ಗಾಳಿಯನ್ನು ಕುಡಿಯಲು ಮೇಲೆ ಬರುತ್ತವೆ. ಆ ಮೊದಲ ಉಸಿರಿನ ಹೊತ್ತಿಗೆ ನೀರಿನ ಮೇಲಿನ ಗಾಳಿ ತಣ್ಣಗಿದ್ದರೆ ಸಾಯುತ್ತವೆ, ಅದಕ್ಕೆ ಪೆಟ್ಟಿಗೆಯನ್ನು ಮುಚ್ಚಿ ಬೆಚ್ಚಗಿಡಬೇಕು.

ಮುಚ್ಚಲು ಏನಿದೆ ಎಂದು ಹುಡುಕಿದಾಗ ಚಾಂದಸಾಬ ಥಂಡಿ ಕೋಣೆಗೆ ಹೋಗುವಾಗ ತೊಡುತ್ತಿದ್ದ ದಪ್ಪ ಸ್ವೆಟರು ಕೈಗೆ ಬಂತು. ಅದನ್ನೇ ಹೊದಿಸಿದಳು. ಬೆಳಿಗ್ಗೆ ಎತ್ತಿದರೆ ಸ್ವೆಟರಿನ ಎದೆಯ ಭಾಗ ಒದ್ದೆಯಾಗಿ ಬೆಚ್ಚಗಿರುತ್ತಿತ್ತು, ಈಗಷ್ಟೇ ಯಾರೋ ತೊಟ್ಟು ಬೆವೆತು ಬಿಚ್ಚಿದಂತೆ. ನೀರಿನ ಆವಿ ಎಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದರೂ ತಣ್ಣಗಾಗುವ ತನಕ ಅದನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು.

ಬೇರೆ ಮಾಡಿದ ಅಪ್ಪ ಮೀನು ಪಕ್ಕದ ಗಾಜಿನ ಭರಣಿಯಲ್ಲಿತ್ತು. ಮರಿಯಿಲ್ಲದ ನೀರಿನಲ್ಲೂ ಅದು ದಿನಾ ನೊರೆ ಕಟ್ಟುತ್ತಿತ್ತು, ಬುಡಕ್ಕೆ ಹೋಗಿ ಏನನ್ನೋ ಬಾಯಲ್ಲಿ ಎತ್ತಿಕೊಂಡು ಬಂದು ನೊರೆಗೆ ಉಗುಳುತ್ತಿತ್ತು. ಎತ್ತಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ಸಂಜೆ ಚಾಂದಸಾಬ ಕೆಲಸದಿಂದ ಬಂದು ಕೂರುತ್ತಿದ್ದ ಹೊತ್ತಾದರೆ, ಮೂಲೆಯ ಅವನ ಕುರ್ಚಿಯ ಕಡೆ ತಿರುಗಿ ಕಿವಿರು ಕೆದರಿ, ಬಾಲ ಅರಳಿಸಿ ನಿಲ್ಲುತ್ತಿತ್ತು. ಗಾಜಿನಲ್ಲಿ ತನ್ನದೇ ನೆರಳು ಕಂಡಿರಬೇಕು ಎಂದು ತಿಳಿದವರು ಹೇಳಿಯಾರು. ಹೇಳಲಿ ಬಿಡಿ, ಮಿಕ್ಕ ಹೊತ್ತು ಆ ನೆರಳು ಎಲ್ಲಿಗೆ ಹೋಗಿರುತ್ತಿತ್ತೋ. ಕುಲ್ಸುಮಬಿ ಆ ಕುರ್ಚಿಯ ಮೇಲೆ ಬಟ್ಟೆ ಇಡುವುದನ್ನೂ ಬಿಟ್ಟಳು.

ಮರಿಗಳು ಬೆಳೆದವು. ಪೆಟ್ಟಿಗೆಯ ತುಂಬ ಅವೇ. ಒಂದು ದಿನ ಓಣಿಯ ಗದಿಗೆವ್ವ ಬಂದಳು. ಇವಳ ಜೊತೆ ಒಂದೇ ರಾಶಿಯ ಮುಂದೆ ಕೂತು ವರ್ಷಾನುಗಟ್ಟಲೆ ತೊಟ್ಟು ಮುರಿದ ಗೆಳತಿ. ಬೇಳೆಯ ಪಾತ್ರೆ ಕೆಳಗಿಟ್ಟು ಗಾಜಿಗೆ ಮುಖ ಹಚ್ಚಿ ನೋಡಿ, "ಯವ್ವಾ, ಸಾಸಿವಿ ಚೆಲ್ಲಿದಂಗ ಅದಾವಲ್ಲ ಕುಲ್ಸುಮಾ" ಎಂದಳು. ಪಾಪ, ಮೆಚ್ಚಿಯೇ ಅಂದದ್ದು. ಆದರೆ ಮರುದಿನ ಬೆಳಿಗ್ಗೆ ಬುಡದಲ್ಲಿ ಕೆಲವು ಮರಿ ಬೆಳ್ಳಗೆ ಬಿದ್ದಿದ್ದವು, ಅದರ ಮರುದಿನ ಇನ್ನಷ್ಟು. ಉಳಿದವು ಹೊಟ್ಟೆ ಒಳಗೆಳೆದುಕೊಂಡು ಒಂದೇ ಕಡೆ ಗುಂಪುಗೂಡಿ ನಿಂತಿದ್ದವು, ಕುರ್ಚಿಯ ಕಡೆಗೆ.

ಇಷ್ಟು ಮರಿಯಲ್ಲಿ ಕೆಲವು ಸಾಯುವುದು ಸಹಜ ಎಂದು ಪ್ರವೀಣಕುಮಾರ ಫೋನಿನಲ್ಲಿ ಸಮಾಧಾನ ಹೇಳಿದ. ಕುಲ್ಸುಮಬಿಯ ಕಿವಿಗೆ ಅದು ಹೋಗಲಿಲ್ಲ. ಮನುಷ್ಯರ ಕಣ್ಣು ಬಿದ್ದರೆ ಕಲ್ಲೂ ಸೀಳುತ್ತದೆ, ಇವೆಷ್ಟರವು? ಗದಿಗೆವ್ವನನ್ನೇ ಕರೆಸಿ ನಜರು ತಗುಲಿದೆ ಎಂದಳು. ಗದಿಗೆವ್ವ ಬೇಸರ ಮಾಡಿಕೊಳ್ಳಲಿಲ್ಲ, ತನ್ನ ಕಣ್ಣೇ ಇರಬೇಕು, ಈಗಲೇ ತೆಗೆದುಬಿಡೋಣ ಎಂದಳು.

ನಮ್ಮ ಕಡೆ ದೃಷ್ಟಿ ತೆಗೆಯುವ ರೀತಿ ಎಲ್ಲರಿಗೂ ಗೊತ್ತಿದ್ದದ್ದೇ. ಒಣ ಮೆಣಸಿನಕಾಯಿ, ಉಪ್ಪು, ಸಾಸಿವೆ ಮುಷ್ಟಿಯಲ್ಲಿ ಹಿಡಿದು ನಿವಾಳಿಸಿ ಕೆಂಡಕ್ಕೆ ಹಾಕುವುದು. ಘಾಟು ಎದ್ದು ಮನೆಯವರು ಕೆಮ್ಮಿದರೆ ಏನೂ ಇಲ್ಲ. ಘಾಟೇ ಬಾರದಿದ್ದರೆ ದೃಷ್ಟಿ ದೊಡ್ಡದು, ಮತ್ತೆ ಹಾಕಬೇಕು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಕುಲ್ಸುಮಬಿ ಬೇಕೆಂದೇ ಗುಂಟೂರಿನ ಕಾಯಿ ಆರಿಸಿದಳು. ಸಂಜೆ, ಕಿಟಕಿ ಬಾಗಿಲು ಮುಚ್ಚಿದ ಪಡಸಾಲೆಯಲ್ಲಿ, ಲೋಬಾನ ಹಾಕುವ ಬಟ್ಟಲಿನಲ್ಲಿ ಕೆಂಡ ಮಾಡಿದಳು. ಸ್ವೆಟರು ಸರಿಸಿ ಪೆಟ್ಟಿಗೆಗೆ ನಿವಾಳಿಸಿ ಕೆಂಡಕ್ಕೆ ಸುರಿದಳು.

ಕಾಯಿಗಳು ಉಬ್ಬಿ ಕರ್ರಗಾದವು. ಹೊಗೆ ಎದ್ದಿತು. ಇಬ್ಬರೂ ಕಾದರು. ಕುಲ್ಸುಮಬಿಗೆ ಕೆಮ್ಮು ಬರಲಿಲ್ಲ, ಕಣ್ಣೂ ಉರಿಯಲಿಲ್ಲ. ಗದಿಗೆವ್ವನ ಮುಖ ನೋಡಿದಳು.

"ನನಗೂ ಬರವಲ್ದು" ಎಂದಳು ಗದಿಗೆವ್ವ, ದನಿ ಇಳಿಸಿ. "ಇದು ನನ್ನ ಕಣ್ಣ ಅಲ್ಲ ಕುಲ್ಸುಮಾ. ಭಾಳ ದೊಡ್ಡದು ಐತಿ."

ಇನ್ನೊಂದು ಮುಷ್ಟಿ ಹಾಕಿದರು. ಮತ್ತೊಂದು. ಪಡಸಾಲೆ ಮಬ್ಬಾಗಿ ಕುರ್ಚಿ ಕಾಣದಾಯಿತು, ಭರಣಿಯ ಮೀನು ಹುಚ್ಚು ಹಿಡಿದಂತೆ ಗಾಜಿಗೆ ಬಡಿದುಕೊಂಡಿತು. ಘಾಟಿನ ಸುಳಿವೇ ಇಲ್ಲ. ಆ ಮಬ್ಬಿನಲ್ಲಿ ತಮ್ಮ ಜೊತೆ ಮೂರನೆಯವರು ಯಾರೋ ಕೂತಿದ್ದಾರೆ ಎಂದು ಇಬ್ಬರಿಗೂ ಅನಿಸಿತು. ಬೆಚ್ಚನೆಯ ಗಾಳಿ ಹೊರಗೆ ಹೋಗದಿರಲಿ ಎಂದು ಕುಲ್ಸುಮಬಿ ಪೆಟ್ಟಿಗೆಯ ಮೇಲೆ ಮತ್ತೆ ಸ್ವೆಟರು ಎಳೆದು, ಅಂಚುಗಳನ್ನು ಒತ್ತಿ ಮುಚ್ಚಿದಳು.

ಆಗ ಯಾರೋ ಬಾಗಿಲು ನೂಕಿದರು. ರಾಣೆಬೆನ್ನೂರಿನಿಂದ ಚಾಂದಸಾಬನ ಅಕ್ಕನ ಮಗಳು ಬೇನಜೀರ ಬಂದಿದ್ದಳು, ಕಂಕುಳಲ್ಲಿ ಪುಟ್ಟ ಮಗಳು. ಹೊಸ್ತಿಲಲ್ಲೇ ಕೂಸು ಉಸಿರು ಕಟ್ಟಿ ಕೆಮ್ಮತೊಡಗಿತು, ಕಣ್ಣು ಮೂಗು ಒಂದೇ ಸಮನೆ ಸುರಿದವು. ಬೇನಜೀರ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು ಹಿಂದೆ ಸರಿದಳು.

"ಮಾಮಿ, ಏನ್ ಸುಡಾಕತ್ತೀರಿ? ಜೀವ ಹೊಂಟೈತಿ."

"ಘಾಟ ಐತೇನ?" ಎಂದು ಕುಲ್ಸುಮಬಿ ಕೇಳಿದಳು.

ಬೇನಜೀರ ಅವಳ ಮುಖವನ್ನೇ ನೋಡಿದಳು. "ಓಣಿ ತುಂಬ ಐತ್ರಿ ಮಾಮಿ."

ಇಷ್ಟು ವರ್ಷ ಮೆಣಸಿನಕಾಯಿಯ ಧೂಳು ಕುಡಿದು ಅವರಿಬ್ಬರ ಮೂಗು ಎಂದೋ ಸತ್ತಿತ್ತು. ಅದು ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಹೇಳಬೇಕಾದ ಗಂಡನೂ ಅದೇ ಗಾಳಿಯಲ್ಲಿದ್ದವನು, ಸುತ್ತಲಿನವರೂ ಅಂಥವರೇ. ಕುಲ್ಸುಮಬಿ ಸ್ವೆಟರು ಕಿತ್ತೆಸೆದಳು, ಅದರ ಕೆಳಗೆ ಸಿಕ್ಕಿಕೊಂಡಿದ್ದ ಹೊಗೆ ಎದ್ದು ಬಂತು. ಮೊದಲ ಉಸಿರಿಗೆಂದು ಮೇಲೆ ಬಂದಿದ್ದ ಮರಿಗಳು ನೀರಿನ ಮೇಲೆ ಹರಡಿದ್ದವು. ಬಾಯಿಗಳು ಮೇಲಕ್ಕೆ ತೆರೆದೇ ಇದ್ದವು. ಬುಡದಲ್ಲಿ, ಚಾಂದಸಾಬ ನೀರಿಗೆ ಹಾಕಿದ್ದ ಒಣ ಬಾದಾಮಿ ಎಲೆಯ ಕೆಳಗೆ, ಇನ್ನೂ ಮೇಲೆ ಬರುವಷ್ಟು ಬೆಳೆಯದ ಕೆಲವು ಸಣ್ಣವು ಮಾತ್ರ ಅಲುಗುತ್ತಿದ್ದವು.

ಬೇನಜೀರ ಹೊರಗೆ ನಿಂತು, ಕುಲ್ಸುಮಬಿ ಕೊಟ್ಟ ಫೋನಿನಿಂದ ಪ್ರವೀಣಕುಮಾರನಿಗೆ ಹಚ್ಚಿದಳು. ಉಳಿದವನ್ನು ಹೊಸ ನೀರಿಗೆ ಹಾಕಿ, ಕಿಟಕಿ ತೆರೆದು, ಗಾಳಿ ತಿಳಿಯಾದ ಮೇಲೆ ಮತ್ತೆ ಮುಚ್ಚಿಡಲಿ, ಉಳಿದಾವು ಎಂದ. ಬೇನಜೀರ ಅದನ್ನು ಹೇಳಿದಾಗ ಕುಲ್ಸುಮಬಿ ಎಲೆಯ ಕೆಳಗಿನ ಮರಿಗಳನ್ನು ಬಗ್ಗಿ ನೋಡಿದಳು. ಈ ಮರಿಗಳನ್ನು ಬಿಟ್ಟರೆ ಅವಳಿಗೆ ಆ ಮನೆಯಲ್ಲಿ ಬೇರೆ ಏನೂ ಇರಲಿಲ್ಲ.

"ಗಾಳಿ ತಿಳಿ ಆತೋ ಇಲ್ಲೋ, ನನಗ ಹೆಂಗ ಗೊತ್ತಾಗಬೇಕವ್ವಾ?" ಎಂದಳು. "ನೀನ ಒಯ್ಯಿ. ನಿನಗ ಕೆಮ್ಮ ಬರತೈತಿ."

ಎಲೆ ಸಮೇತ ಬಾಟಲಿಗೆ ತುಂಬಿಸಿದರು. ಬೇನಜೀರನ ಕೈಯೇ ನೀರಿಗೆ ಹೋಯಿತು, ಕುಲ್ಸುಮಬಿ ಬಾಟಲಿಯನ್ನು ಮುಟ್ಟಲೂ ಇಲ್ಲ. ಬಸ್ಸು ತಪ್ಪುತ್ತದೆಂದು ಅವರು ಚಹಾವನ್ನೂ ಕುಡಿಯದೆ ಹೊರಟರು. ಅತ್ತು ಸುಸ್ತಾದ ಕೂಸು ಬಾಟಲಿಯ ಕಡೆ ಬೆರಳು ತೋರಿಸಿ ಏನದು ಎಂದಿತು. ನಿಮ್ಮ ನಾನಾ ಅಜ್ಜನ ಮಕ್ಕಳು ಎಂದಳು ಕುಲ್ಸುಮಬಿ. ನನ್ನವು ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ಹೊಸ್ತಿಲಿನ ಒಳಗೇ ನಿಂತು ಅವರು ಓಣಿಯ ತಿರುವು ದಾಟುವ ತನಕ ನೋಡಿದಳು. ಗದಿಗೆವ್ವನೂ ಮನೆಗೆ ಹೋದಳು. ಕುಲ್ಸುಮಬಿ ಒಳಗೆ ಬಂದು ಕಿಟಕಿಗಳನ್ನೆಲ್ಲ ತೆರೆದು, ಪಡಸಾಲೆಯ ನಡುವೆ ನಿಂತು ಎದೆ ತುಂಬ ಉಸಿರೆಳೆದುಕೊಂಡಳು. ಇನ್ನೊಮ್ಮೆ ಎಳೆದುಕೊಂಡಳು. ಘಾಟು ಹೋಗಿದೆಯೋ, ಇನ್ನೂ ಇದೆಯೋ, ಅವಳಿಗೆ ಗೊತ್ತಾಗಲಿಲ್ಲ.