ಬಾಟಲಿಯ ಕೊರಳಿನ ಬಿರುಕು

ಅಕ್ಕ ತೀರಿಕೊಂಡು ಅವಳ ದಿನಕರ್ಮ ಮುಗಿದ ಮರುದಿನ, ಕಮಲಾಪುರದ ಅವಳ ಮನೆಯಲ್ಲಿ ಆಕ್ಸಿಜನ್ ಮಷೀನ್ ಒರೆಸಿಡಲು ಕೂತಿದ್ದೆ. ಅದರ ಮುಂದೆ ಒಂದು ಪ್ಲಾಸ್ಟಿಕ್ ಬಾಟಲಿ ಇರುತ್ತದೆ. ಗಾಳಿ ಆ ಬಾಟಲಿಯ ನೀರಿನೊಳಗೆ ಗುಳುಗುಳು ಎಂದು ಹಾದು ನಳಿಗೆಯಿಂದ ಮೂಗಿಗೆ ಹೋಗುತ್ತದೆ. ಆ ಬಾಟಲಿಯ ಕೊರಳು ನನ್ನ ಹೆಬ್ಬೆರಳನ್ನು ತರಚಿತು. ಬೆಳಕಿಗೆ ಹಿಡಿದೆ. ಮುಚ್ಚಳ ತಿರುವುವ ಕಡೆ ಸುತ್ತಲೂ ಕೂದಲೆಳೆಯಂಥ ಬಿರುಕುಗಳು.

ನಾನು ಕಲಬುರಗಿಯ ನೆಹರು ಗಂಜ್ ಎಂಬ ಧಾನ್ಯದ ಪೇಟೆಯಲ್ಲಿ ತೊಗರಿಬೇಳೆ ಪರೀಕ್ಷಿಸುವ ಕೆಲಸದವನು. ಮೇಲೆ ಒಳ್ಳೆಯ ಬೇಳೆ ಇಟ್ಟು ತಳದಲ್ಲಿ ಬೇರೆ ತುಂಬುವವರನ್ನು ದಿನವೂ ನೋಡುತ್ತೇನೆ. ಹೊಳೆಯುವ ಯಾವುದನ್ನೂ ಸುಮ್ಮನೆ ನಂಬುವುದಿಲ್ಲ.

"ಅಂಗಡ್ಯಾವಾ ಡೂಪ್ಲಿಕೇಟ್ ಮಾಲ್ ಕೊಟ್ಟಾನ," ಎಂದೆ.

ಅಕ್ಕನ ಗಂಡನನ್ನು ನಾನು ಮಾಮಾ ಎನ್ನುತ್ತೇನೆ. ಅವರು ಬಾಟಲಿ ತೆಗೆದುಕೊಂಡು ಬಹಳ ಹೊತ್ತು ನೋಡಿದರು.

"ಹಂಗಾದ್ರ ಗಾಳಿ ಸೋರಿತೇನು? ಆಕಿಗಿ ಪೂರಾ ಮುಟ್ಟಲಿಲ್ಲೇನು?"

"ಕೇಳ್ಕೊಂಡು ಬರ್ತೀನಿ ಮಾಮಾ."

ಅಕ್ಕನ ಶ್ವಾಸಕೋಶ ಪೂರ್ತಿ ಕೆಟ್ಟಿದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೂ ಬೆಳಗ್ಗೆ ಚಹಾ ಕುಡಿದು, ಚಹಾಕ್ಕೆ ಸಕ್ಕರೆ ಸಾಲದು ಎಂದು ರೇಗಿದವಳು ಮಧ್ಯಾಹ್ನದೊಳಗೆ ಹೋದದ್ದು ನನಗೆ ಸರಿಕಂಡಿರಲಿಲ್ಲ. ಬಾಟಲಿಯನ್ನು ಅವಳದೇ ಟವೆಲ್ಲಿನಲ್ಲಿ ಸುತ್ತಿಕೊಂಡು ಕಲಬುರಗಿ ಬಸ್ಸು ಹತ್ತಿದೆ.

ಮಷೀನ್ ಮಾರಿದ ಅಂಗಡಿಯವನು ಬಾಟಲಿ ನೋಡಿ ಸಿಟ್ಟಾಗಲಿಲ್ಲ. "ಕೂಡ್ರಿ ಭಾಯ್, ಚಾ ತರಸ್ತೀನಿ," ಎಂದ. ಅಲ್ಲೇ ನನ್ನ ಸಂಶಯ ಬಲಿಯಿತು. ಗಂಜಿನಲ್ಲಿ ತಪ್ಪು ಮಾಡಿದವರೇ ಮೊದಲು ಚಹಾ ತರಿಸುವುದು.

ಅಂದು ಮಷೀನ್ ಕಂಪನಿಯ ಇಂಜಿನಿಯರ್ ಹೆಣ್ಣುಮಗಳೊಬ್ಬಳು ಅಲ್ಲಿ ಬೇರೊಂದು ಮಷೀನ್ ಬಿಚ್ಚಿಕೊಂಡು ಕೂತಿದ್ದಳು. ಬಾಟಲಿಯ ಕೊರಳನ್ನು ಮೂಗಿಗೆ ಹಿಡಿದಳು.

"ಮನ್ಯಾಗ ಯಾವ ಎಣ್ಣಿ ಬಳಸ್ತೀರಿ?"

"ಕುಸುಬಿ ಎಣ್ಣಿ. ಯಾಕ್ರಿ?"

"ಈ ತಿರುವಿನಾಗ ಎಣ್ಣಿ ಅದ ನೋಡ್ರಿ. ಈ ಜಾತಿ ಪ್ಲಾಸ್ಟಿಕ್ ಕೆಳಗ ಬಿದ್ರ ಸೈತ ಒಡಿಯಂಗಿಲ್ಲ. ಆದ್ರ ಎಣ್ಣಿ ಹಚ್ಚಿ ಬಿಗಿ ತಿರುವಿದ್ರ ದಿನಾ ಒಂದೀಟು ಸೀಳ್ತದ. ಮತ್ತ ಆಕ್ಸಿಜನ್ ಹತ್ರ ಎಣ್ಣಿ ತರಲೇಬಾರ್ದು, ಬೆಂಕಿ ಹತ್ತೀತು."

"ಎಣ್ಣಿ ತಡಿಯೋ ಪ್ಲಾಸ್ಟಿಕ್ ಇಲ್ಲೇನು?"

"ಅದ ರೀ. ಹಾಲಿನಂಗ ಮಸುಕು ಇರ್ತದ. ನೀರು ಎಷ್ಟದ, ಗುಳ್ಳಿ ಏಳ್ತಾವೋ ಇಲ್ಲೋ ಕಾಣಂಗಿಲ್ಲ. ಅದಕ್ಕೇ ಕಂಪನ್ಯಾವ್ರು ಇದನ್ನ ಆರಿಸ್ತಾರ."

"ಆರಿಸೋರು ನಮ್ಮಂಥೋರ ಮನಿ ನೋಡ್ಯಾರೇನು?"

ಅಂಗಡಿಯವನು ನಡುವೆ ಬಾಯಿ ಹಾಕಿದ: "ಎಣ್ಣಿ ಹಚ್ಚಬ್ಯಾಡ್ರಿ ಅಂತ ಮಷೀನ್ ಸಂಗಟ ಬಂದ ಪುಸ್ತಕದಾಗ ಬರದಾರ ಭಾಯ್."

"ಇಂಗ್ಲಿಷಿನ್ಯಾಗ."

"ಹಾಂ, ಅದೂ ಖರೇನೇ. ನನಗೂ ಬರಂಗಿಲ್ಲ."

ಅವಳು ನೀರು ತುಂಬಿ ಬಾಟಲಿಯನ್ನು ಅಂಗಡಿಯ ಇನ್ನೊಂದು ಮಷೀನಿಗೆ ಜೋಡಿಸಿದಳು. ಒಳಗೆ ಗುಳ್ಳೆ ಎದ್ದವು. ಕೊರಳಿನ ಹೊರಗೂ ಸಣ್ಣ ಹನಿಗಳು ಮೂಡಿದವು.

"ಈಗ ಒಂದೀಟು ಸೋರ್ತದ. ಆವತ್ತು ಹ್ಯಾಂಗಿತ್ತೋ ನಾ ಹೇಳಲಾರೆ," ಎಂದಳು.

ತಪ್ಪನ್ನು ನಮ್ಮ ಮೇಲೆ ಹಾಕಲು ಇಬ್ಬರೂ ಒಂದೇ ಮಾತು ಕಲಿತಿದ್ದಾರೆ ಎಂದುಕೊಂಡೆ. ಹಳೆಯದರ ಜೊತೆ ಅಂಗಡಿಯವನು ಕೊಟ್ಟ ಹೊಸ ಬಾಟಲಿಯನ್ನೂ ಹಿಡಿದು ಬಸ್ಸಿನಲ್ಲಿ ಕೂತ ಮೇಲೆ ಅಕ್ಕನ ಮಾತು ನೆನಪಾಯಿತು. ನಮ್ಮ ಮನೆಗಳಲ್ಲಿ ತಿರುವುವ ಮುಚ್ಚಳ ಯಾವುದೇ ಇರಲಿ, ಉಪ್ಪಿನಕಾಯಿ ಬರಣಿಯದಾಗಲಿ, ಡಬ್ಬಿಯದಾಗಲಿ, ಒಂದು ಬೆರಳು ಎಣ್ಣೆ ಸವರಿಯೇ ಹಾಕುವುದು. ದಿನವೂ ನೀರು ಕಾಯಿಸಿ ಆರಿಸಿ ಬಾಟಲಿ ತುಂಬುತ್ತಿದ್ದವರು ಮಾಮಾ. ಅಕ್ಕ ನಳಿಗೆ ಹಾಕಿಕೊಂಡೇ ಕಿಚಾಯಿಸುತ್ತಿದ್ದಳು: "ನನ್ನ ತಲಿಗಿ ಎಂದೂ ಎಣ್ಣಿ ಹಚ್ಚಲಿಲ್ಲ, ಈಗ ಬಾಟಲಿ ತಲಿಗಿ ಹಚ್ಚಲಾಕತ್ತಾರ ನೋಡಪಾ."

ಅಂಗಡಿಯವನೇ ಮೋಸ ಮಾಡಿರಲಿ ಎಂದು ಆಗ ಬೇಡಿಕೊಂಡೆ.

ಮನೆಗೆ ಬಂದಾಗ ಮಾಮಾ ಮಷೀನನ್ನು ಬಾಗಿಲ ಬಳಿ ತಂದಿಟ್ಟಿದ್ದರು. ಓಣಿಯ ಮುದುಕಿಯೊಬ್ಬರಿಗೆ ಉಸಿರಾಟದ ತೊಂದರೆ, ಅವರಿಗೆ ಕೊಡುವುದಾಗಿ ಮಾತು ಕೊಟ್ಟಿದ್ದರು. ಹೊಸ ಬಾಟಲಿ ನೋಡಿದ್ದೇ ಒಳಗೆ ಹೋಗಿ ಎಣ್ಣೆ ಬಟ್ಟಲು ತಂದು ಬೆರಳು ಅದ್ದಿದರು. ನಾನು ಅವರ ಮಣಿಕಟ್ಟು ಹಿಡಿದೆ.

"ಬ್ಯಾಡ ಮಾಮಾ."

"ಯಾಕ? ಬಿಗಿ ಆದ್ರ ಅವ್ರಿಗಿ ತ್ರಾಸ ಆಗ್ತದ."

"ಇದಕ್ಕ ಎಣ್ಣಿ ನಡಿಯಂಗಿಲ್ಲಂತ. ಸೀಳ್ತದಂತ. ಇದು ಹೊಸಾ ಥರದ್ದು."

"ಹಳೇದು?"

"ಹಳೇದು ಡೂಪ್ಲಿಕೇಟ್ ಇತ್ತು. ನಾ ಅಂದಿರಲಿಲ್ಲೇನು?"

ಅವರು ಹಳೆಯ ಬಾಟಲಿಯನ್ನು ಹೊಸದರ ಪಕ್ಕ ನಿಲ್ಲಿಸಿದರು. ಎರಡೂ ಒಂದೇ ಥರ ಹೊಳೆಯುತ್ತಿದ್ದವು. ಆಮೇಲೆ ನನ್ನ ಮುಖ ನೋಡಿದರು. ನಾನು ಮೂಟೆಯ ತಳದ ಬೇಳೆಯನ್ನು ನೋಡುವುದು ಹಾಗೆಯೇ.

"ಒಂದೇ ಅಂಗಡ್ಯಾಗ ಎರಡ ಥರ ಮಾಲ್ ಇರ್ತದೇನು?" ಎಂದರು.

"ಇರ್ತದ ಮಾಮಾ. ಗಂಜಿನ್ಯಾಗ ದಿನಾ ನೋಡ್ತೀನಲ್ಲ."

ಮಾಮಾ ಎಣ್ಣೆಯ ಬೆರಳನ್ನು ಧೋತರಕ್ಕೆ ಒರೆಸಿಕೊಂಡರು. ನಾನು ಮಷೀನ್ ಹೊತ್ತುಕೊಂಡು ಹೊರಟು, ಓಣಿಯ ತಿರುವಿನಲ್ಲಿ ಹಿಂತಿರುಗಿ ನೋಡಿದಾಗಲೂ ಬಾಗಿಲಲ್ಲೇ ನಿಂತು ಅದೇ ಬೆರಳನ್ನು ಒರೆಸುತ್ತಿದ್ದರು.